ನಡೆಯದ ದಿನಗಳ ಕಡತ

ಸೊಲಿಹಲ್
ನವೆಂಬರ್ 16, 2025, ಭಾನುವಾರ

ಪ್ರೀತಿಯ ದಾಕ್ಷಾಯಣಿ ಅಕ್ಕ,

ನೀವು ತಪಾಸಣಾ ಸಂಸ್ಥೆ ಬಿಟ್ಟ ಸುದ್ದಿಯಾಗಿ ನಮ್ಮ ವೆಬ್‌ಸೈಟಿನಲ್ಲಿ ಬಂದ ನಾಲ್ಕು ಸಾಲನ್ನು ಬರೆದವಳು ನಾನು. ಅಷ್ಟನ್ನು ನೀವು ಊಹಿಸಿಯೇ ಇರುತ್ತೀರಿ. ನೀವು ಊಹಿಸಲಾರದ್ದು, ನಾನು ಹೇಳದೆಯೇ ಬಿಡಬಹುದಾಗಿದ್ದದ್ದು, ಅದರ ತಾರೀಖು. ನಿಮ್ಮನ್ನು ಕರೆದು ಕೂರಿಸಿದ ಸಭೆ ನಡೆದದ್ದು ಅಕ್ಟೋಬರ್ 24ಕ್ಕೆ. ನಾನು ಆ ಸಾಲುಗಳನ್ನು ಬರೆದಿಟ್ಟದ್ದು ಸೆಪ್ಟೆಂಬರ್ 29ಕ್ಕೆ.

ಸಭೆಯಲ್ಲಿ ನಿರ್ದೇಶಕಿ ಜಿಲಿಯನ್ ಅವರ ಪಕ್ಕದಲ್ಲಿ ನಾನು ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿ ಕೂತಿದ್ದೆ. ಲೀಡ್ಸ್ ಹತ್ತಿರದ ಆ ವೃದ್ಧರ ಹೋಮಿನ ಬಗ್ಗೆ ನೀವು ಬರೆದ ವರದಿಯನ್ನು ಮೇಲಿನವರು ತಿದ್ದಿ ಮೆತ್ತಗೆ ಮಾಡಿದ್ದರು. ಅದಕ್ಕೆ ಸಹಿ ಹಾಕುವುದಿಲ್ಲ ಅಂದಿರಿ. ಹಾಗಾದರೆ ತಪಾಸಣೆಯ ಕೆಲಸದಿಂದ ನಿಮ್ಮನ್ನು ತೆಗೆದು ಒಳಗಿನ ಮೇಜಿಗೆ ಹಾಕುತ್ತೇವೆ ಅಂದರು ಜಿಲಿಯನ್. ಆಗ ನೀವು ನನ್ನ ಕಡೆ ತಿರುಗಿ, ಅವರಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ಕೇಳಿದಿರಿ: "ಇದು ಮೊದಲೇ ತೀರ್ಮಾನ ಆಗಿತ್ತೇನು, ನೇತ್ರಾ?"

ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಇನ್ನೂ ಯಾವುದೂ ತೀರ್ಮಾನವಾಗಿಲ್ಲ ಅಂದೆ. ಆ ಸಂಜೆಯೊಳಗೆ ನಿಮ್ಮ ರಾಜೀನಾಮೆ ಬಂತು.

ಇದೆಲ್ಲದಕ್ಕೂ ಮೊದಲು, ದಸರೆಯ ಶನಿವಾರ, ನಾನು, ಮೋಹನ, ಮಗಳು ಮೂವರೂ ಬ್ರೂಮ್‌ಹಿಲ್‌ನ ನಿಮ್ಮ ಮನೆಗೆ ಬಂದಿದ್ದೆವು. ಇಳಕಲ್ಲಿನಿಂದ ತರಿಸಿಟ್ಟ ಒಣ ಬನ್ನಿ ಎಲೆಗಳನ್ನು ಕೈಗಿಟ್ಟು "ಬಂಗಾರದಂಗ ಇರೋಣ" ಅಂದಿರಿ. ಮೋಹನ ಅಂದರು, ಮಾಳವಿಕಾ ಅವಳ ಇಂಗ್ಲಿಷ್ ನಾಲಿಗೆಯಲ್ಲಿ ಅಂದಳು, ನಾನೂ ಅಂದೆ. ನನ್ನ ಕಡತದಲ್ಲಿ ಆ ಸಾಲುಗಳಿಗೆ ಆಗ ಐದು ದಿನ ವಯಸ್ಸು.

ಫೋನಿನಲ್ಲಿ ನೀವು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ. ಅದು ಸರಿಯೇ. ಇಲ್ಲಿ ಮೂರು ದಿನದಿಂದ ಮಂಜು. ಎದುರು ಮನೆಯ ಕಾರು, ಬೇಲಿ, ಅಂಚೆಪೆಟ್ಟಿಗೆ ಎಲ್ಲವೂ ಯಾರೋ ಅರ್ಧ ಅಳಿಸಿದಂತಿವೆ. ಕನ್ನಡ ನನಗೆ ಶಾಲೆಯಲ್ಲಿ ಮೂರನೆಯ ಭಾಷೆಯಾಗಿತ್ತು, ನಿಧಾನವಾಗಿ ಬರೆಯಬೇಕಾಗುತ್ತದೆ. ನಿಧಾನವಾಗಿ ಬರೆದರೆ ಸುಳ್ಳು ಕಷ್ಟವೆಂದು ಈಗ ಗೊತ್ತಾಗುತ್ತಿದೆ.

ನಿಮ್ಮ,
ನೇತ್ರಾ


ಬ್ರೂಮ್‌ಹಿಲ್, ಶೆಫೀಲ್ಡ್
ನವೆಂಬರ್ 30, 2025

ನೇತ್ರಾ,

ನಿನ್ನ ಪತ್ರ ಬಂದು ಹತ್ತು ದಿನ ಆತು. ಓದಿ, ಮಡಚಿ, ಚಹಾ ಡಬ್ಬಿ ಕೆಳಗ ಇಟ್ಟೆ. ನಮ್ಮ ಮನಿಯವರು ದಿನಾ ಚಹಾ ಮಾಡುವಾಗ ಅದನ್ನ ಎತ್ತಿ ನೋಡಿ, ಮತ್ತ ಅಲ್ಲೇ ಇಟ್ಟು, ಏನೂ ಕೇಳದ ಹೋಗತಿದ್ರು. ನಿನ್ನೆ ತಡಿಲಾರದ, "ಉತ್ತರ ಬರಿ, ಇಲ್ಲಾಂದ್ರ ಹರಿದು ಹಾಕು, ಡಬ್ಬಿ ಸೊಟ್ಟ ಕೂಡ್ತದ" ಅಂದ್ರು. ಶ್ರೀಶೈಲ ಅನ್ನೋ ಮನುಷ್ಯಾ ಎಲ್ಲಾದಕ್ಕೂ ಹಿಂಗ. ಮೂವತ್ತು ವರ್ಷ ಜಿಪಿ ಡಾಕ್ಟರ್ ಆಗಿ ಎಲ್ಲಾರ ಬ್ಯಾನಿ ಕೇಳಿ ಕೇಳಿ ಮಾತು ಕಮ್ಮಿ ಆಗ್ಯಾವ.

ನಾಲ್ಕು ಸಾಲು ನಿಂದು ಅಂತ ಗೊತ್ತಿತ್ತು. ಅಷ್ಟು ಮೆತ್ತಗ ಕೊಯ್ಯೋ ಕೈ ಆ ಕಚೇರ್ಯಾಗ ಇನ್ಯಾರದೂ ಇಲ್ಲ. "ವೈಯಕ್ತಿಕ ಕಾರಣಗಳಿಂದ" ಅಂತ ಹಾಕೀದಿ. ಇಲ್ಲಿ ಕನ್ನಡದ ಮಂದಿ ಅದನ್ನ ಓದಿ, ನನಗ ಏನೋ ದೊಡ್ಡ ಜಡ್ಡು ಬಂದೈತಿ ಅಂತ ತಿಳಕೊಂಡಾರ. ಮೊನ್ನೆ ಒಬ್ಬಾಕಿ ಮನಿಗೆ ಬಂದು, ನನ್ನ ಕೈ ಹಿಡಕೊಂಡು ಹುಗ್ಗಿ ಕೊಟ್ಟು ಹೋದ್ಲು. ಛೊಲೋ ಇತ್ತು ಹುಗ್ಗಿ, ತಿಂದೆ.

ತಾರೀಖು ಗೊತ್ತಿರಲಿಲ್ಲ. ಈಗ ಗೊತ್ತಾತು.

ಒಂದು ಮಾತು ಹೇಳತೀನಿ, ಸಿಟ್ಟಿನಿಂದ ಅಲ್ಲ. ನೀ ನನಗ ಹೇಳೀದಿ. ಹೇಳಿ ಹಗರಾಗೀದಿ. ನಿನ್ನ ಭಾರ ಈಗ ನನ್ನ ಚಹಾ ಡಬ್ಬಿ ಕೆಳಗ ಐತಿ. ನನಗ ಹೇಳೋದು ಭಾಳ ಸರಳ ಕೆಲಸ, ತಂಗಿ. ಎಲ್ಲಿ ಹೇಳಬೇಕೋ ಅಲ್ಲಿ ನೀ ಇಂಗ್ಲಿಷಿನ್ಯಾಗ ಮಾತಾಡೀದಿ.

ದಾಕ್ಷಾಯಣಿ


ಸೊಲಿಹಲ್
ಡಿಸೆಂಬರ್ 14, 2025

ಅಕ್ಕ,

ನೀವು ಬರೆದದ್ದು ನಿಜ. ಆದರೂ ನನ್ನ ಕೆಲಸದ ಒಂದು ವಿಷಯ ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಇದು ಸಮರ್ಥನೆಯೋ ಅಲ್ಲವೋ ನನಗೇ ತಿಳಿಯದು.

ಎರಡು ವರ್ಷದ ಹಿಂದೆ ಹುದ್ದೆಗಳನ್ನು ಕಡಿಮೆ ಮಾಡಿದಾಗ ಸಿಬ್ಬಂದಿ ವಿಭಾಗವನ್ನೂ ಸಾರ್ವಜನಿಕ ಸಂಪರ್ಕವನ್ನೂ ಒಟ್ಟು ಸೇರಿಸಿ ನನಗೆ ಕೊಟ್ಟರು. ಒಂದು ಕೈಯಿಂದ ಜನರನ್ನು ಒಳಗಿಡುವುದು, ಇನ್ನೊಂದರಿಂದ ಅವರ ಬಗ್ಗೆ ಹೊರಗೆ ಹೇಳುವುದು. ಯಾವುದೇ ದೊಡ್ಡ ದಿನಕ್ಕೆ ಮುಂಚೆ ನಾವು ಹೇಳಿಕೆಗಳನ್ನು ಬರೆದಿಡುತ್ತೇವೆ. ಒಂದಲ್ಲ, ಎರಡು. ಒಂದು ಹೋಮ್ ಮುಚ್ಚಿದರೆ ಹೇಳುವುದು ಒಂದು, ಮುಚ್ಚದಿದ್ದರೆ ಹೇಳುವುದು ಇನ್ನೊಂದು. ಮಂತ್ರಿಗಳು ನಮ್ಮನ್ನು ಹೊಗಳಿದರೆ ಒಂದು, ತೆಗಳಿದರೆ ಒಂದು. ದಿನ ಬಂದ ಮೇಲೆ ಒಂದು ಹೊರಗೆ ಹೋಗುತ್ತದೆ. ಇನ್ನೊಂದು ಅಲ್ಲೇ ಉಳಿದುಬಿಡುತ್ತದೆ. ಯಾರೂ ಅಳಿಸುವುದಿಲ್ಲ. ಹಾಗೆ ಉಳಿದವು ಈಗ ನಲವತ್ತಕ್ಕೂ ಹೆಚ್ಚಿವೆ. ಆ ಕಡತವನ್ನು ನಾನು ಮನಸ್ಸಿನಲ್ಲಿ ನಡೆಯದ ದಿನಗಳು ಎಂದು ಕರೆಯುತ್ತೇನೆ.

ಬೆಳಿಗ್ಗೆ ಕಾರನ್ನು ಸ್ಟೇಷನ್ನಿನಲ್ಲಿ ಬಿಟ್ಟು ಬರ್ಮಿಂಗ್‌ಹ್ಯಾಮಿನ ರೈಲು ಹತ್ತಿದರೆ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಗೆ ಜಾರುತ್ತೇನೆ. ಆಗ ಆ ದಿನಗಳ ಊರೊಂದು ಕಾಣುತ್ತದೆ. ಅಲ್ಲಿ ಮುಚ್ಚಿದ ಹೋಮಿನ ಕಿಟಕಿಯಲ್ಲಿ ದೀಪವಿದೆ. ಕ್ಷಮೆ ಕೇಳದ ಮಂತ್ರಿಗಳು ಕ್ಷಮೆ ಕೇಳುತ್ತಾ ಬೀದಿಯಲ್ಲಿ ನಿಂತಿದ್ದಾರೆ. ಯಾರಿಗೂ ಅವಸರವಿಲ್ಲ. ಕಾಲುವೆಯ ಮೇಲೆ ದೋಣಿಗಳು ಸದ್ದಿಲ್ಲದೆ ಹೋಗುತ್ತವೆ. ಒಂದು ಬಾಗಿಲಿನಲ್ಲಿ ನೀವು ನಿಂತು ಬೀಗ ತೆರೆಯುತ್ತಿರುತ್ತೀರಿ, ಆ ಹಸಿರು ಕೋಟಿನಲ್ಲಿ. ನಾನು ಕೂಗಬೇಕು ಅನ್ನುವಷ್ಟರಲ್ಲಿ ರೈಲು ಮೂರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ನಿಂತಿರುತ್ತದೆ.

ನಾನು ಹೇಳಬೇಕೆಂದದ್ದು ಇದು: ಬರೆದಿಟ್ಟ ಮಾತೆಲ್ಲ ತೀರ್ಮಾನವಲ್ಲ. ಸೆಪ್ಟೆಂಬರ್ 29ಕ್ಕೆ ಜಿಲಿಯನ್ ನನ್ನ ಮೇಜಿಗೆ ಬಂದು "ಯಾವುದಕ್ಕೂ ಒಂದು ಇರಲಿ" ಅಂದರು. ಬರೆದೆ. ಅಂದು ನನಗೂ ಅದು ನಡೆಯದ ದಿನವೇ ಆಗಿತ್ತು.

ಹಾಗಂತ ನಂಬಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಬರುವ ಮೊದಲೇ ಪತ್ರ ಮುಗಿಸುತ್ತಿದ್ದೇನೆ.

ನಿಮ್ಮ,
ನೇತ್ರಾ


ಬ್ರೂಮ್‌ಹಿಲ್
ಜನವರಿ 4, 2026

ನೇತ್ರಾ,

ಛಂದ ಬರದೀದಿ. ನಮ್ಮ ಮನಿಯವರಿಗೂ ಓದಿ ಹೇಳಿದೆ. "ಈ ಹುಡುಗಿ ಕಚೇರಿ ಬಿಟ್ಟು ಪುಸ್ತಕ ಬರೀಲಿ" ಅಂದ್ರು. ಹುಡುಗಿ ಅಂತ, ನಿನಗ ನಲವತ್ತಾರು.

ಈಗ ನನ್ನ ಸುದ್ದಿ. ನಾ ನೌಕರದಾರರ ಕೋರ್ಟಿಗೆ, ಟ್ರಿಬ್ಯೂನಲ್‌ಗೆ ಹೋಗೀನಿ. ವರದಿಗೆ ಸಹಿ ಹಾಕಲಿಲ್ಲ ಅಂತ ನನ್ನ ಹೊರಗ ಹಾಕಿದರು, ರಾಜೀನಾಮಿ ಅನ್ನೋದು ಹೆಸರಿಗಷ್ಟ, ಅಂತ ಬರದು ಕೊಟ್ಟೀನಿ. ಗೆದ್ದರ ಅವರು ಆ ವರದಿ ಮತ್ತ ತೆಗೀಬೇಕಾಗತೈತಿ. ನನಗ ಬೇಕಾದದ್ದು ಅದು. ನೌಕರಿ ತಿರುಗಿ ಸಿಗತೈತಿ ಅನ್ನೋ ಹುಚ್ಚು ನನಗಿಲ್ಲ.

ಆ ಹೋಮಿನ್ಯಾಗ ಏನ್ ಕಂಡೆ ಅಂತ ನಿನಗ ಪೂರಾ ಹೇಳಿರಲಿಲ್ಲ. ಗ್ವಾಡಿ ಮ್ಯಾಲಿನ ರೋಟಾದಾಗ, ಡ್ಯೂಟಿ ಪಟ್ಟಿಯೊಳಗ, ಐದು ಮಂದಿ ಹೆಸರು. ನನಗ ಕಂಡವರು ಮೂರು ಮಂದಿ. ಉಳಿದಿಬ್ಬರು ರಜಾ ಅಂದ್ರು. ಅವರ ಲಾಕರ್ ತೆಗಿಸಿದೆ. ಒಂದರಾಗ ಹಿಂದಿನ ಕ್ರಿಸ್‌ಮಸ್ಸಿನ ಚಾಕಲೇಟು, ಬೂಷ್ಟ ಹಿಡಿದಿತ್ತು. ಇನ್ನೊಂದರಾಗ ಧೂಳು. ಇಬ್ಬರೂ ತಮ್ಮ ದೇಶಕ್ಕ ಹೋಗಿ ಒಂಬತ್ತು ತಿಂಗಳಾಗಿತ್ತು, ಹೆಸರು ಮಾತ್ರ ಗ್ವಾಡಿ ಮ್ಯಾಲ ದುಡೀತಿತ್ತು. ಕಿಟಕಿ ಹತ್ತರ ಹಂಸಾ ಅಂತ ಒಬ್ಬ ಗುಜರಾತಿ ಅಜ್ಜಿ ಕೂತಿದ್ಲು. ಮುಂಜಾನಿಂದ ನೀರು ಕೇಳತಿದ್ಲಂತ. ಇಂಗ್ಲಿಷ್ ಮರತು ಬಿಟ್ಟಾಳ, ಯಾರಿಗೂ ತಿಳೀವಲ್ಲದು. ನನಗ ಗುಜರಾತಿ ಅಷ್ಟಿಷ್ಟು ತಿಳೀತೈತಿ, ನಾ ಕೊಟ್ಟೆ. ಎರಡು ಗ್ಲಾಸ್ ಕುಡಿದ್ಲು.

ನೀ ಎರಡು ಬರೀತೀವಿ ಅಂದಿ. ನಡೆದರ ಒಂದು, ನಡೀದಿದ್ದರ ಒಂದು. ಹಂಗಾದರ ನಾ ಉಳಿಯೋ ದಿನದ್ದು ಎಲ್ಲೈತಿ? ಹೋಗಿ ನೋಡು. ಇದ್ದರ ನಾ ಸುಮ್ಮನಾಗತೀನಿ. ಇಲ್ಲಾಂದ್ರ ಆ ತಾರೀಖು ಕೋರ್ಟಿನ ಮುಂದ ಬರಬೇಕು. ನಾ ಕೇಳಿದ ಪ್ರಶ್ನೆನೂ ಬರಬೇಕು. ಸಭೆಯ ಟಿಪ್ಪಣಿ ತರಿಸಿ ನೋಡೀನಿ. ನೀನ ಬರದದ್ದು. ನಿನ್ನ ಉತ್ತರ ಐತಿ. ನನ್ನ ಪ್ರಶ್ನೆ ಇಲ್ಲ.

ಅಕ್ಕ


ಸೊಲಿಹಲ್
ಜನವರಿ 18, 2026

ಡಾ. ದಾಕ್ಷಾಯಣಿ ಅವರಿಗೆ,

ನಿಮ್ಮ ಅರ್ಜಿಯ ಪ್ರತಿ ನಮ್ಮ ಕಚೇರಿಗೆ ತಲುಪಿದೆ. ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿ ಆ ಕೇಸಿನ ಕಾಗದಗಳನ್ನು ನೋಡಿಕೊಳ್ಳುವವಳು ನಾನೇ. ಆದ್ದರಿಂದ ಇನ್ನು ಮುಂದೆ ನಾನು ನಿಮಗೆ ಖಾಸಗಿಯಾಗಿ ಬರೆಯುವುದು ಸರಿಯಲ್ಲ, ನೀವು ಕೇಳಿದ ವಿಷಯದ ಬಗ್ಗೆ ಮಾತಾಡುವುದೂ ಸರಿಯಲ್ಲ ಎಂದು ವಕೀಲರು ತಿಳಿಸಿದ್ದಾರೆ.

ಆ ಕಡತವನ್ನು ನಾನು ತೆರೆದಿಲ್ಲ.

ಈ ಪತ್ರ ಒಂದು ಹೇಳಿಕೆಯ ಹಾಗಿದೆ ಎಂದು ಗೊತ್ತಿದೆ. ಎರಡು ಸಲ ಓದಿದೆ. ಎಲ್ಲಿಯೂ ತಪ್ಪಿಲ್ಲ, ಎಲ್ಲಿಯೂ ನಾನಿಲ್ಲ.

ವಂದನೆಗಳೊಂದಿಗೆ,
ನೇತ್ರಾ


ಬ್ರೂಮ್‌ಹಿಲ್
ಮಾರ್ಚ್ 15, 2026

ನೇತ್ರಾ,

ಉತ್ತರ ಬರೀಬ್ಯಾಡ. ಕೇಸಿನ ಮಾತೂ ಇದರಾಗ ಇಲ್ಲ. ಸುಮ್ಮ ಒಂದು ದಿನದ ಸುದ್ದಿ.

ಹಂಸಾ ಅಜ್ಜಿ ಸೊಸಿಗೆ ಫೋನ್ ಮಾಡಿ ಕೇಳಿಕೊಂಡು, ಈಗ ನಾ ಎರಡು ವಾರಕ್ಕೊಮ್ಮೆ ಭೇಟಿ ಆಗಲಿಕ್ಕೆ ಹೋಗತೀನಿ. ಇವತ್ತ ಲೀಡ್ಸ್ ತನಕ ರೈಲಿನ ಎರಡೂ ಕಡೆ ಡ್ಯಾಫೋಡಿಲ್ ಹೂವು, ಯಾರೋ ಅರಿಷಿಣ ಚೆಲ್ಲಿಕೋತ ಹೋದಂಗ. ಅಜ್ಜಿ ನನ್ನ ತನ್ನ ತಂಗಿ ಅಂತ ತಿಳಕೊಂಡಾಳ. ಬಿಸಲಾಗ ಕೂಡಿಸಿ ತಲಿ ಹಿಕ್ಕಿದೆ. ಹಿಕ್ಕೂಮುಂದ, ಬಾವಿ ಕಡೆ ಹೋಗೂಣೇನು, ಮಳಿ ಬಂದೀತು, ಅಂತ ಕೇಳಿದ್ಲು. ಹೋಗೂಣ ಅಂದೆ. ಇಬ್ಬರೂ ಭಾಳ ಹೊತ್ತು ಹಂಗ ಆ ಬಾವಿ ಕಡೆ ನಡದ್ವಿ, ಕುರ್ಚಿ ಮ್ಯಾಲ ಕೂತಕೊಂಡ.

ನಾ ಅಲ್ಲಿ ಈಗ ಡಾಕ್ಟರೂ ಅಲ್ಲ, ಇನ್‌ಸ್ಪೆಕ್ಟರೂ ಅಲ್ಲ. ನೀರು ಕೊಡಾಕಿ. ಹೊರಗ ಬರೂಮುಂದ ಗ್ವಾಡಿ ನೋಡಿದೆ. ರೋಟಾದಾಗ ಅವೇ ಐದು ಹೆಸರು.

ನಿನ್ನ ಮ್ಯಾಲ ಸಿಟ್ಟು ಐತೋ ಇಲ್ಲೋ ಅಂತ ನೋಡಿಕೊಂಡೆ. ಐತಿ. ಆದರ ಮಾಳವಿಕಾಳ ಪರೀಕ್ಷೆ ಯಾವಾಗ ಐತೋ ಅಂತನೂ ಅನಸ್ತೈತಿ.

ದಾಕ್ಷಾಯಣಿ


ಸೊಲಿಹಲ್
ಮೇ 10, 2026, ಭಾನುವಾರ

ಅಕ್ಕ,

ನೀವು ಉಳಿಯುವ ದಿನದ್ದು ಎಲ್ಲಿದೆ ಎಂದು ಕೇಳಿದ್ದಿರಿ. ನಾಲ್ಕು ತಿಂಗಳು ತಡವಾಗಿ ಕಡತ ತೆರೆದು ನೋಡಿದೆ. ಅದು ಇಲ್ಲ.

ಕಳೆದು ಹೋಗಿಲ್ಲ, ಅಳಿಸಿಯೂ ಇಲ್ಲ. ನಾನು ಬರೆಯಲೇ ಇಲ್ಲ. ಉಳಿದ ಎಲ್ಲಕ್ಕೂ ಜೋಡಿಯಿದೆ. ಬರೀ ನಿಮ್ಮದು ಒಂಟಿ. ಜಿಲಿಯನ್ "ಒಂದು ಇರಲಿ" ಅಂದದ್ದನ್ನು ನಿಮಗೆ ಬರೆದಾಗಲೂ ಆ 'ಒಂದು' ಎಂಬ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷದ ಅಭ್ಯಾಸ. ಕೇಳದಿದ್ದರೂ ಕೈ ಎರಡು ಬರೆಯುತ್ತಿತ್ತು. ಅಂದು ಬರೆಯಲಿಲ್ಲ. ಏಕೆಂದರೆ ನನಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ನಾನು ಮುಗಿಸದೆ ಬಿಟ್ಟ ಪ್ರಶ್ನೆಗೆ ಉತ್ತರ ಇದು.

ನಾಳೆ, ಸೋಮವಾರ, ನಾನು ಒಂದು ಕಾಗದಕ್ಕೆ ಸಹಿ ಹಾಕಬೇಕು. ಈ ಕೇಸಿಗೆ ಸಂಬಂಧಪಟ್ಟ ದಾಖಲೆಗಳೆಲ್ಲ ಈ ಪಟ್ಟಿಯಲ್ಲಿವೆ, ಬೇರೆ ಇಲ್ಲ, ಎಂದು. ನಮ್ಮ ವಕೀಲರು ನನ್ನಿಂದ ಕೇಳಿದ್ದು ಸಿಬ್ಬಂದಿ ವಿಭಾಗದ ಕಡತವನ್ನು. ಅದನ್ನು ಪೂರ್ತಿ ಕೊಟ್ಟೆ. ಆ ನಾಲ್ಕು ಸಾಲು ಇರುವುದು ಸಾರ್ವಜನಿಕ ಸಂಪರ್ಕದ ಕಡತದಲ್ಲಿ. ಪಟ್ಟಿ ಅಚ್ಚುಕಟ್ಟಾಗಿದೆ.

ಗುರುವಾರ ಮಧ್ಯಾಹ್ನ ಜಿಲಿಯನ್ ಕಾಲುವೆಯ ದಂಡೆಯಲ್ಲಿ ಸ್ವಲ್ಪ ನಡೆದು ಬರೋಣ ಎಂದು ಕರೆದರು. ಅವರು ಕೆಟ್ಟವರಲ್ಲ, ಅಕ್ಕ. ಮಾಳವಿಕಾ ಹುಟ್ಟಿದ ಮೇಲೆ ಏಳು ವರ್ಷ ಮನೆಯಲ್ಲಿದ್ದವಳನ್ನು ಕರೆದು ಕೆಲಸ ಕೊಟ್ಟವರು ಅವರು. ಬಾತುಕೋಳಿಗಳನ್ನು ನೋಡುತ್ತಾ, ಆ ಹೋಮಿನ ಮಾಲೀಕರಿಗೆ ಇನ್ನೂ ಹದಿನೇಳು ಹೋಮ್‌ಗಳಿವೆ, ಒಂದನ್ನು ಹಿಡಿದರೆ ಎಲ್ಲವನ್ನೂ ಹಿಡಿಯಬೇಕು, ಅಷ್ಟು ಮುದುಕರನ್ನು ಎಲ್ಲಿಗೆ ಕಳಿಸುವುದು ಎಂದರು. ಅದೂ ಸುಳ್ಳಲ್ಲ. ಆಮೇಲೆ ನನ್ನ ತೋಳು ಮುಟ್ಟಿ, ಬಹಳ ಮೃದುವಾಗಿ ಅಂದರು: "ಅವರು ಕೇಳಿರುವುದು ಒಂದು ಕಡತ, ನೇತ್ರಾ. ನಿನ್ನ ಇನ್ನೊಂದನ್ನು ಯಾರೂ ಕೇಳಿಲ್ಲ."

ನೀರಿನಲ್ಲಿ ನಮ್ಮ ಕಚೇರಿಯ ಗಾಜಿನ ಗೋಡೆ ತಲೆಕೆಳಗಾಗಿ ಅಲುಗುತ್ತಿತ್ತು. ಅದರೊಳಗೆ ಯಾರೋ ಕೂತು ನಿಶ್ಚಿಂತೆಯಿಂದ ಬರೆಯುತ್ತಿರುವಂತೆ ಕಂಡಿತು. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚಾಯಿತು.

ನಿನ್ನೆ ಅಡುಗೆಮನೆಯ ಮೇಜಿನ ಮೇಲೆ ಆ ಪಟ್ಟಿ ಹರಡಿಕೊಂಡಿದ್ದೆ. ಮಾಳವಿಕಾ ಟೋಸ್ಟ್ ಮಾಡಿಕೊಳ್ಳುತ್ತಾ ಅದೇನು ಎಂದು ಕೇಳಿದಳು. ಹೆಸರು ಹೇಳದೆ, ನನ್ನ ಎರಡು ಹುದ್ದೆ, ಎರಡು ಕಡತದ ವಿಷಯ ಹೇಳಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು, ಸಹಿ ಹಾಕೋದು ಅವೆರಡರಲ್ಲಿ ಯಾವ ನೀನು ಅಂತ. ತಮಾಷೆಗೆ ಕೇಳಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಮೋಹನ ಪೇಪರಿನಿಂದ ತಲೆಯೆತ್ತಿ, "ಎರಡು ಕುರ್ಚಿಗೆ ಒಂದೇ ಸಂಬಳ ಕೊಟ್ಟರು, ಕೂರುವವಳೂ ಒಬ್ಬಳೇ ಅಂತ ಮರೆತರು" ಅಂದರು. ಮಾಳವಿಕಾ ಮೇಲೆ ಹೋದ ನಂತರ, ಏನಾಗಬಹುದು ಎಂದು ಕೇಳಿದರು. ಕೆಲಸ ಹೋಗಬಹುದು ಅಂದೆ. ಮನೆಸಾಲದ ಮಾತು ಅವರು ಎತ್ತಲಿಲ್ಲ. ಎತ್ತದೇ ಇದ್ದದ್ದು ನನಗೆ ಕೇಳಿಸಿತು. ಎದ್ದು ಬಂದು ಪಟ್ಟಿಯ ಮೇಲಿದ್ದ ಟೋಸ್ಟಿನ ಚೂರುಗಳನ್ನು ಕೈಯಿಂದ ಸವರಿ ತೆಗೆದರು.

ಈ ಮಧ್ಯಾಹ್ನ ಒಂದು ಕೆಲಸ ಮಾಡಿದೆ. ನಿಮಗೆ ಹೇಳಲೇಬೇಕು. ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದಾಗ, ನೀವು ಉಳಿಯುವ ದಿನ ತಾನಾಗಿಯೇ ಬಂತು. ಲ್ಯಾಪ್‌ಟಾಪ್ ತೆರೆದು ಬರೆದೆ. 'ಡಾ. ದಾಕ್ಷಾಯಣಿ ನಮ್ಮಲ್ಲಿಯೇ ಮುಂದುವರಿಯುತ್ತಾರೆ. ಅವರ ವರದಿ ಅವರು ಬರೆದಂತೆಯೇ ಪ್ರಕಟವಾಗುತ್ತದೆ.' ಎಂಟು ತಿಂಗಳಲ್ಲಿ ನಾನು ಬರೆದ ಅತ್ಯಂತ ಸರಳವಾದ ವಾಕ್ಯಗಳು. ಎಷ್ಟೋ ಹೊತ್ತು ಅದರೊಳಗೆ ಕೂತಿದ್ದೆ. ಅಲ್ಲಿ ನೀವು ಹಸಿರು ಕೋಟು ಗೂಟಕ್ಕೆ ಹಾಕುತ್ತಿದ್ದಿರಿ.

ಆಮೇಲೆ ಹೊಳೆಯಿತು. ಇದನ್ನು ಕಡತಕ್ಕೆ ಸೇರಿಸಿದರೆ ಜೋಡಿ ಪೂರ್ತಿಯಾಗುತ್ತದೆ. ಯಾರು ನೋಡಿದರೂ, ಇವರು ಎರಡೂ ಬರೆದಿದ್ದರು, ಏನೂ ತೀರ್ಮಾನವಾಗಿರಲಿಲ್ಲ ಅನ್ನುತ್ತಾರೆ. ಹೆಚ್ಚಿನವರು ಕಂಪ್ಯೂಟರು ಒಳಗೆ ಗುರುತಿಡುವ ತಾರೀಖನ್ನು ನೋಡುವುದೇ ಇಲ್ಲ. ಆ ಆಸೆ ಒಂದು ನಿಮಿಷ ಇತ್ತು. ಒಂದಕ್ಕಿಂತ ಹೆಚ್ಚೂ ಇರಬಹುದು. ನಂತರ ಅಳಿಸಿದೆ. ಅಷ್ಟು ಇಷ್ಟಪಟ್ಟು ಬರೆದದ್ದನ್ನು ನಾನು ಹಿಂದೆಂದೂ ಅಳಿಸಿಲ್ಲ.

ನಾಳೆ ಒಂಬತ್ತಕ್ಕೆ ಮೊದಲು ಜಿಲಿಯನ್‌ಗೆ ಹೇಳುತ್ತೇನೆ, ಅವರ ಮುಖ ನೋಡಿಕೊಂಡೇ. ಹತ್ತಕ್ಕೆ ನಮ್ಮ ವಕೀಲರಿಗೆ ಎರಡು ಕಾಗದ ಕೊಡುತ್ತೇನೆ. ಒಂದು, ಸೆಪ್ಟೆಂಬರ್ 29ರ ತಾರೀಖಿನ ಆ ನಾಲ್ಕು ಸಾಲು, ಅದಕ್ಕೆ ಜೋಡಿ ಇಲ್ಲವೆಂಬ ನನ್ನ ಮಾತಿನೊಂದಿಗೆ. ಇನ್ನೊಂದು, ಸಭೆಯಲ್ಲಿ ನೀವು ಕೇಳಿದ ಪ್ರಶ್ನೆ. ಮೊದಲು ಕನ್ನಡದಲ್ಲಿ, ನೀವು ಕೇಳಿದ ಹಾಗೆಯೇ; ಅದರ ಕೆಳಗೆ ಅದರ ಅರ್ಥ; ಅದರ ಕೆಳಗೆ ನನ್ನ ಉತ್ತರ, ಮತ್ತು ಆ ಉತ್ತರ ಸುಳ್ಳು ಎಂದು. ಆ ಕೋಣೆಯಲ್ಲಿ ಅದನ್ನು ಅರ್ಥ ಮಾಡಿಕೊಂಡವಳು ನಾನೊಬ್ಬಳೇ ಇದ್ದೆ. ನಾನು ಹೇಳದಿದ್ದರೆ ನೀವು ಅದನ್ನು ಕೇಳಿಯೇ ಇಲ್ಲವೆಂದಾಗುತ್ತದೆ.

ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ. ಕ್ಷಮೆಯನ್ನೂ ಕೇಳುತ್ತಿಲ್ಲ, ಕೇಳಿದರೆ ಮತ್ತೊಂದು ಭಾರ ನಿಮ್ಮ ಮನೆಗೆ ಬರುತ್ತದೆ. ಮಾಳವಿಕಾಳ ಪರೀಕ್ಷೆ ನಾಡಿದ್ದಿನಿಂದ.

ಕಾಗದಗಳು ನಿಮ್ಮ ವಕೀಲರ ಕೈ ಸೇರುವುದು ಮಂಗಳವಾರ ಸಂಜೆಗೆ. ಅದಕ್ಕಿಂತ ಮೊದಲೇ ಇದು ನಿಮ್ಮ ಬಾಗಿಲಿಗೆ ಬಂದರೆ, ನವೆಂಬರಿನ ಪತ್ರದ ಹಾಗೆ, ನಿಮಗಷ್ಟೇ ಹೇಳಿ ಹಗುರಾದಂತಾಗುತ್ತದೆ. ಆದ್ದರಿಂದ ಲಕೋಟೆ ಅಂಟಿಸಿ ಇಟ್ಟುಕೊಂಡಿರುತ್ತೇನೆ.

ನೇತ್ರಾ

ಅಂಚೆಗೆ ಹಾಕುವುದು: ಬುಧವಾರ, ಮೇ 13, 2026.